ಡ್ರೌಗಳ ಕಥೆ ಎಡಿಷನ್‌ಗೊಮ್ಮೆ ಬದಲಾದಾಗ ಡಿಎಂ ಏನು ಮಾಡಬೇಕು?

ಕಳೆದ ಬೇಸಿಗೆಯಲ್ಲಿ ಕಲಬುರಗಿಯ ನಮ್ಮ ಮನೆ ಮಾಳಿಗೆ ಮೇಲೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅನ್ನುವ, ಪಾತ್ರ ವಹಿಸಿ ಕಥೆ ಕಟ್ಟುವ ಆಟದ ಹೊಸ ಕ್ಯಾಂಪೇನ್, ಅಂದರೆ ಹಲವು ದಿನ ಮುಂದುವರಿಯುವ ಕಥೆ, ಶುರು ಮಾಡಿದೆವು. ಕಥೆ ನಡೆಸುವ ಡಿಎಂ (ಡಂಜನ್ ಮಾಸ್ಟರ್) ನಾನು. ಹಗಲಲ್ಲಿ ಮಾಳಿಗೆ ಮೇಲೆ ಕಾಲಿಡಲು ಆಗಲ್ಲ, ಹಾಗಾಗಿ ರಾತ್ರಿ ಎಂಟರ ಮೇಲೆ ನೀರು ಚಿಮುಕಿಸಿ, ಚಾಪೆ ಹಾಸಿ, ನಡುವೆ ಒಂದು ಲೈಟ್ ಇಟ್ಟುಕೊಂಡು ಡೈಸ್ ಉರುಳಿಸುವುದು. ಒಬ್ಬ ಹುಡುಗ ಬಾಲ್ಡರ್ಸ್ ಗೇಟ್ 3 ಎಂಬ ವಿಡಿಯೋ ಗೇಮ್ ಆಡಿ ಡಿ ಅಂಡ್ ಡಿಗೆ ಬಂದವನು. ಇನ್ನೊಬ್ಬರು ತೊಂಬತ್ತರ ದಶಕದ, ಡ್ರಿಝ್ಟ್ ಎಂಬ ನಾಯಕನ ಕಾದಂಬರಿಗಳನ್ನು ಓದಿ ಬೆಳೆದವರು. ನನ್ನ ಕೈಯಲ್ಲಿ ಆಟದ ರೂಲ್ ಪುಸ್ತಕವಾದ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್, ಚಿಕ್ಕಪ್ಪನ ಮಗಳ ಫೋನಿನಲ್ಲಿ 2024ರದು. ಎಲ್ಲರೂ ಡ್ರೌ, ಅಂದರೆ ಈ ಆಟದ ಕಪ್ಪು ಎಲ್ಫ್‌ಗಳ (ಎಲ್ಫ್ ಅಂದರೆ ಚೂಪು ಕಿವಿಯ, ಮಾಯಾಶಕ್ತಿಯ ಕಾಲ್ಪನಿಕ ಜನ) ಬಗ್ಗೆಯೇ ಮಾತಾಡುತ್ತಿದ್ದರು, ಆದರೆ ಒಬ್ಬೊಬ್ಬರ ಡ್ರೌ ಒಂದೊಂದು ಥರ. ಬಿಸಿಲಿಗೆ ಬಂದರೆ ಅವರಿಗೆ ಕಣ್ಣು ಕಾಣಲ್ಲ ಅಂತ ಒಬ್ಬ, ಆ ರೂಲ್ ಈಗ ಇಲ್ಲವೇ ಇಲ್ಲ ಅಂತ ಇನ್ನೊಬ್ಬಳು. ಹುಟ್ಟಾ ಕೆಟ್ಟವರು ಅಂತ ಒಂದು ಮಾತು, ಉತ್ತರದ ಹಿಮದೊಳಗೆ ಒಳ್ಳೆಯ ಡ್ರೌಗಳ ದೊಡ್ಡ ಊರೇ ಇದೆ ಅಂತ ಇನ್ನೊಂದು ಮಾತು. ಒಂದು ಗಂಟೆ ಇದರಲ್ಲೇ ಹೋಯಿತು, ಒಂದು ಡೈಸೂ ಉರುಳಲಿಲ್ಲ.

ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರವರು ಓದಿದ ಪುಸ್ತಕದಲ್ಲಿ ಹಾಗೇ ಇತ್ತು. ಕಪ್ಪು ಎಲ್ಫ್‌ಗಳ ಕಥೆ ಸುಮಾರು ಐವತ್ತು ವರ್ಷಗಳಿಂದ ಬದಲಾಗುತ್ತಲೇ ಬಂದಿದೆ, ಮುಂದೆಯೂ ಬದಲಾಗುತ್ತದೆ. ಡಿಎಂ ಆದವರು ಇದನ್ನು ಆಟಕ್ಕೆ ಮೊದಲೇ ಹೇಗೆ ಹೊಂದಿಸಿಕೊಳ್ಳಬೇಕು ಅಂತ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಕೆಲಸ, ಯಾವ ಮಾತು ಯಾವ ವರ್ಷದ್ದು ಅಂತ ಗೊತ್ತು ಮಾಡಿಕೊಳ್ಳಿ. ಇದಕ್ಕೆ ಎಲ್ಲಾ ಪುಸ್ತಕ ಓದಬೇಕಿಲ್ಲ, ಮುಖ್ಯ ತಿರುವುಗಳು ಗೊತ್ತಿದ್ದರೆ ಸಾಕು. 1977ರಲ್ಲಿ ಬಂದ, ಆಟದ ಜೀವಿಗಳ ಪುಸ್ತಕವಾದ ಮಾನ್ಸ್ಟರ್ ಮ್ಯಾನ್ಯುಯಲ್‌ನಲ್ಲಿ ಎಲ್ಫ್‌ಗಳ ವಿವರದ ಕೊನೆಗೆ ಡ್ರೌಗಳ ಬಗ್ಗೆ ಇದ್ದದ್ದು ಒಂದೆರಡು ಸಾಲು, ಅದೂ ಬರೀ ದಂತಕಥೆ ಎನ್ನುವ ಧಾಟಿಯಲ್ಲಿ. ಅಂದರೆ ಇವರು ಈ ಆಟದೊಳಗೆ ಕಾಲಿಟ್ಟಿದ್ದೇ ‘ಅಂತೆ’ಯಾಗಿ. ಇದನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ. ಹೆಸರು ಸ್ಕಾಟ್ಲೆಂಡಿನ ಉತ್ತರದ ದ್ವೀಪಗಳ ಜನಪದ ಕಥೆಗಳ ‘ಟ್ರೋ’ ಎಂಬ ಪದಕ್ಕೆ ನಂಟಿರುವುದು. ಕಪ್ಪು ಎಲ್ಫ್ ಅನ್ನುವ ಕಲ್ಪನೆ ಅದಕ್ಕಿಂತ ಹಳೆಯದು, ಐಸ್‌ಲ್ಯಾಂಡಿನ ಹದಿಮೂರನೇ ಶತಮಾನದ ಪುರಾಣ ಬರಹದಲ್ಲೂ ಸಿಗುತ್ತದೆ. 1978ರಲ್ಲಿ, ಈ ಆಟ ಕಟ್ಟಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಬರೆದ ಸಾಹಸ ಪುಸ್ತಕಗಳಲ್ಲಿ ಇವರು ಮೈ ತಳೆದು ಬಂದರು. ನೆಲದಡಿ ಎರೆಲ್‌ಹೈ-ಸಿನ್ಲು ಅನ್ನುವ ನಗರ, ಜೇಡಗಳ ರಾಣಿಯಾದ ದೇವತೆ ಲೋಲ್ತ್, ಪೂಜಾರಿಣಿಯರ ಆಡಳಿತ, ಎಲ್ಲವೂ ಅಲ್ಲೇ ಶುರು. ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸಲ್ಲ. ಆ ಮೊದಲ ಕಥೆಯಲ್ಲೇ ಐಲ್ಸರ್ವ್ಸ್ ಅನ್ನುವ ದೊಡ್ಡ ಮನೆತನ ಲೋಲ್ತ್‌ಳನ್ನು ಬಿಟ್ಟು ಬೇರೆ ದೇವರ ಕಡೆ ವಾಲಿರುತ್ತದೆ. ಎಲ್ಲಾ ಡ್ರೌಗಳೂ ಒಂದೇ ಅನ್ನುವ ಮಾತು ಮೊದಲ ವರ್ಷದಲ್ಲೂ ಪೂರ್ತಿ ನಿಜ ಆಗಿರಲಿಲ್ಲ.

1985ರಲ್ಲಿ ಆಟಗಾರರೇ ಡ್ರೌ ಆಗಿ ಆಡುವ ಅವಕಾಶ ಬಂತು. 1988ರಲ್ಲಿ ಕಾದಂಬರಿಕಾರ ಆರ್.ಎ. ಸಾಲ್ವಟೋರ್ ಅವರ ಡ್ರಿಝ್ಟ್ ಬಂದ, ಊರು ಬಿಟ್ಟು ಮೇಲೆ ಬಂದ ಒಂಟಿ ಒಳ್ಳೆಯವನು. 1990ರ ಕಾದಂಬರಿಯಲ್ಲಿ ಅವನ ಊರು ಮೆನ್ಝೋಬೆರಾನ್ಝನ್ ವಿವರವಾಗಿ ಬಂತು. 1991ರಲ್ಲಿ, ಫರ್ಗಾಟನ್ ರೆಲ್ಮ್ಸ್ ಎಂಬ ಆಟದ ಲೋಕ ಕಟ್ಟಿದ ಎಡ್ ಗ್ರೀನ್‌ವುಡ್ ಅವರು ಐಲಿಸ್ಟ್ರೇ ಅನ್ನುವ ದೇವತೆಯನ್ನು ಕೊಟ್ಟರು, ಬೆಳದಿಂಗಳಲ್ಲಿ ಕತ್ತಿ ಹಿಡಿದು ಕುಣಿಯುವವಳು, ತನ್ನ ಜನ ಮತ್ತೆ ಮೇಲೆ ಬರಲಿ ಅಂತ ಕಾಯುವವಳು. 2004ರ ಎಬೆರಾನ್ ಎಂಬ ಇನ್ನೊಂದು ಆಟದ ಲೋಕದಲ್ಲಿ ಡ್ರೌಗಳು ಕಾಡಿನಲ್ಲಿದ್ದಾರೆ, ಅವರ ದೇವರು ಚೇಳು, ಲೋಲ್ತ್‌ಳ ನೆರಳೂ ಅಲ್ಲಿಲ್ಲ. 2008ರ ಹೊತ್ತಿಗೆ ಫರ್ಗಾಟನ್ ರೆಲ್ಮ್ಸ್‌ನಲ್ಲಿ ಐಲಿಸ್ಟ್ರೇಯನ್ನು ಸಾಯಿಸಿಬಿಟ್ಟರು, 2015ರ ಪುಸ್ತಕದಲ್ಲಿ ಅವಳು ಮತ್ತೆ ಇದ್ದಾಳೆ. 2020ರ ವೈಲ್ಡ್‌ಮೌಂಟ್ ಪುಸ್ತಕದಲ್ಲಂತೂ ಡ್ರೌಗಳ ಒಂದು ಇಡೀ ರಾಜ್ಯ ಬೆಳಕನ್ನೇ ದೇವರು ಅಂತ ಪೂಜಿಸುತ್ತದೆ. ಅದೇ ವರ್ಷ ಜೂನ್‌ನಲ್ಲಿ ಆಟದ ಕಂಪನಿ ವಿಝಾರ್ಡ್ಸ್ ಆಫ್ ದಿ ಕೋಸ್ಟ್, ಓರ್ಕ್ ಮತ್ತು ಡ್ರೌಗಳನ್ನು ಹುಟ್ಟಿನಿಂದಲೇ ಕೆಟ್ಟವರು ಅಂತ ತೋರಿಸಿದ ಹಳೆಯ ರೀತಿ ಸರಿಯಲ್ಲ, ಉಳಿದ ಜನರ ಹಾಗೆ ಇವರಲ್ಲೂ ಎಲ್ಲಾ ಥರದವರಿದ್ದಾರೆ ಅಂತ ಹೇಳಿತು. 2021ರಲ್ಲಿ ಸಾಲ್ವಟೋರ್ ಅವರು ಉತ್ತರದ ಹಿಮದಲ್ಲಿ ಕ್ಯಾಲಿಡೇ ಅನ್ನುವ ಊರನ್ನು ತಂದರು. ಅಲ್ಲಿಯವರು ಏವೆನ್‌ಡ್ರೌ, ದಕ್ಷಿಣದ ಕಾಡಿನವರು ಲೋರೆನ್‌ಡ್ರೌ, ಲೋಲ್ತ್‌ಳ ಕೈಗೆ ಸಿಕ್ಕವರು ಉಡಾಡ್ರೌ.

ಇಷ್ಟು ಗೊತ್ತಿದ್ದರೆ ಟೇಬಲ್ ಮೇಲೆ ಜಗಳ ಅರ್ಧ ಕಮ್ಮಿಯಾಗುತ್ತದೆ. “ನೀನು ಹೇಳುತ್ತಿರುವುದು 1990ರ ಮಾತು, ಅವಳು ಹೇಳುತ್ತಿರುವುದು 2021ರ ಮಾತು” ಅಂದರೆ ಇಬ್ಬರಿಗೂ ಸಮಾಧಾನ.

ಆಮೇಲೆ ಒಂದು ಹಾಳೆ ತಗೊಂಡು ಈ ಮಾತುಗಳನ್ನು ಮೂರು ಗುಂಪು ಮಾಡಿ. ಮೈಗೆ ಸಂಬಂಧಪಟ್ಟದ್ದು, ನಡವಳಿಕೆಗೆ ಸಂಬಂಧಪಟ್ಟದ್ದು, ಹುಟ್ಟಿನ ಕಥೆಗೆ ಸಂಬಂಧಪಟ್ಟದ್ದು. 120 ಅಡಿ ದೂರದವರೆಗೆ ಕತ್ತಲಲ್ಲಿ ಕಾಣುವುದು ಮೈಯ ವಿಷಯ. ಹೆಂಗಸರ ಆಡಳಿತ, ಮನೆತನಗಳ ಜಗಳ, ಗುಲಾಮರನ್ನು ಇಟ್ಟುಕೊಳ್ಳುವುದು ಒಂದು ಊರಿನ ನಡವಳಿಕೆ. ಲೋಲ್ತ್ ಮತ್ತು ಎಲ್ಫ್‌ಗಳ ದೇವರು ಕೊರೆಲಾನ್ ನಡುವೆ ಏನಾಯಿತು ಅನ್ನುವುದು ಕಥೆ. ಹಳೆಯ ಪುಸ್ತಕಗಳು ಈ ಮೂರನ್ನೂ ಕಲಸಿ ಒಂದೇ ಮುದ್ದೆ ಮಾಡಿಬಿಟ್ಟಿದ್ದವು, ಒಂದು ಊರಿನ ಕ್ರೂರ ಪದ್ಧತಿಯನ್ನು ಇಡೀ ಜನಾಂಗದ ರಕ್ತದಲ್ಲೇ ಇದೆ ಅನ್ನುವ ಹಾಗೆ ಬರೆದಿದ್ದವು. ಬೇರೆ ಬೇರೆ ಮಾಡಿದರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ತಾನೇ ಗೊತ್ತಾಗುತ್ತದೆ.

ಮೈಯ ವಿಷಯದಿಂದ ಶುರು ಮಾಡಿ, ಯಾಕೆಂದರೆ ಇದು ಡೈಸಿಗೆ ನೇರವಾಗಿ ತಟ್ಟುತ್ತದೆ. 2014ರ ಪುಸ್ತಕದಲ್ಲಿ ಡ್ರೌಗಳಿಗೆ ಬಿಸಿಲು ಆಗಲ್ಲ. ಅವರಾಗಲಿ, ಅವರು ಹೊಡೆಯುವ ಗುರಿಯಾಗಲಿ ನೇರ ಬಿಸಿಲಲ್ಲಿದ್ದರೆ ಅಟ್ಯಾಕ್ ರೋಲ್‌ಗೆ (ಏಟು ಬಿತ್ತೋ ಇಲ್ಲವೋ ಅಂತ ಹಾಕುವ ಡೈಸ್) ಡಿಸ್‌ಅಡ್ವಾಂಟೇಜ್, ಅಂದರೆ ಇಪ್ಪತ್ತು ಮುಖದ ಡೈಸ್ ಎರಡು ಸಲ ಹಾಕಿ ಕಡಿಮೆ ಬಿದ್ದದ್ದನ್ನು ತಗೊಳ್ಳಬೇಕು. ಕಣ್ಣಿಂದ ನೋಡಿ ತಿಳಿಯುವ ಪರ್ಸೆಪ್ಶನ್‌ಗೂ ಅದೇ. 2024ರದರಲ್ಲಿ ಇದನ್ನು ತೆಗೆದುಹಾಕಿದ್ದಾರೆ. ಡಿಸ್‌ಅಡ್ವಾಂಟೇಜ್ ಅಂದರೆ ಸಣ್ಣದಲ್ಲ. 11 ಅಥವಾ ಜಾಸ್ತಿ ಬೀಳಬೇಕು ಅಂದುಕೊಳ್ಳಿ, ಒಂದು ಡೈಸಿನಲ್ಲಿ ನೂರಕ್ಕೆ 50 ಸಲ ಗೆಲ್ಲುತ್ತೀರಿ, ಎರಡು ಹಾಕಿ ಕಡಿಮೆಯದನ್ನು ತಗೊಂಡರೆ ಬರೀ 25 ಸಲ. ಹಗಲಲ್ಲಿ ನಡೆಯುವ ಕ್ಯಾಂಪೇನ್‌ನಲ್ಲಿ ಡ್ರೌ ಆಡುವವನಿಗೆ ಇದು ದಿನಾ ಬೀಳುವ ದಂಡ.

ನಾನು ಮಾಡಿದ್ದು ಇಷ್ಟು. ದಂಡ ಬೇಡ, ಆದರೆ ಆ ಅನುಭವ ಬೇಕು. ಅನುಭವ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಮೇ ತಿಂಗಳ ಮಧ್ಯಾಹ್ನ, ಶಹಾಬಾದ್ ಕಲ್ಲು ಹಾಸಿದ ತಣ್ಣನೆ ನಡುಮನೆ, ಕಿಟಕಿಗೆ ಒದ್ದೆ ಪರದೆ. ಎರಡು ಗಂಟೆ ಮಲಗಿ ಎದ್ದು ಹೊರಗಿನ ಬಾಗಿಲು ತೆಗೆದರೆ ಏನಾಗುತ್ತದೆ? ಎದುರಿನ ಗೋಡೆ ಬಿಳಿ ಬಿಳಿ ಆಗಿಬಿಡುತ್ತದೆ. ಕಣ್ಣೊಳಗೆ ನೀರು. ಮೆಟ್ಟಿಲು ಎಲ್ಲಿದೆ ಅಂತ ಕಾಲಿನಿಂದ ಹುಡುಕಬೇಕು. ಯಾರೋ ಹೆಸರು ಹಿಡಿದು ಕೂಗಿದರೆ ದನಿಯಿಂದ ಗುರುತಿಸಬೇಕು, ಮುಖ ಕಾಣಲ್ಲ. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಗುತ್ತದೆ. ನಮ್ಮ ಟೇಬಲ್‌ನಲ್ಲಿ ರೂಲ್ ಹೀಗೇ ಇದೆ. ಕತ್ತಲಿಂದ ನೇರ ಬಿಸಿಲಿಗೆ ಬಂದ ಮೊದಲ ಸುತ್ತು ಮಾತ್ರ ಡಿಸ್‌ಅಡ್ವಾಂಟೇಜ್. ತಲೆಗೆ ಬಟ್ಟೆ ಕಟ್ಟಿಕೊಂಡು, ಕಣ್ಣು ಮರೆಮಾಡಿಕೊಂಡು ಬಂದರೆ ಅದೂ ಇಲ್ಲ. ನೀವು ಬೇರೆ ಥರ ಮಾಡಿಕೊಳ್ಳಿ, ಆದರೆ ಆಟ ಶುರುವಾಗುವ ಮೊದಲೇ ಎಲ್ಲರಿಗೂ ಹೇಳಿ. ಕಥೆಯಲ್ಲಿ ಗುಟ್ಟು ಇರಬಹುದು, ರೂಲ್‌ನಲ್ಲಿ ಇರಬಾರದು.

ಈಗ ಎಲ್ಲಕ್ಕಿಂತ ಕಷ್ಟದ್ದು, ಹುಟ್ಟಿನ ಕಥೆ. ಫರ್ಗಾಟನ್ ರೆಲ್ಮ್ಸ್‌ನ ಹಳೆಯ ಕಥೆಯಲ್ಲಿ ಎಲ್ಫ್‌ಗಳು ತಮ್ಮತಮ್ಮಲ್ಲೇ ಯುದ್ಧ ಮಾಡಿಕೊಂಡರು, ಒಂದು ಪಂಗಡ ದುಷ್ಟ ದೇವರ ಕಡೆ ಹೋಯಿತು, ಕೊನೆಗೆ ಶಾಪ ಬಿದ್ದು ಅವರು ಡ್ರೌ ಆಗಿ ನೆಲದಡಿ ಇಳಿದರು. ನಾನು ಇದನ್ನು ಬಹಳ ಹುರುಪಿನಿಂದ ಹೇಳುತ್ತಾ ಇದ್ದೆ. ಚಿಕ್ಕಪ್ಪನ ಮಗಳು ನಡುವೆ ತಡೆದು ಕೇಳಿದಳು, “ಹಂಗಂದ್ರ ತಪ್ಪು ಮಾಡಿದ್ದಕ್ಕ ಕರ್ರಗ ಆದ್ರು ಅಂತೇನು?” ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅವಳ ಬಣ್ಣ ಕಪ್ಪು. ಚಿಕ್ಕಂದಿನಿಂದ ಮದುವೆ ಮನೆ, ಜಾತ್ರೆ, ಎಲ್ಲಾ ಕಡೆ ಹಿರಿಯರು ಅವಳ ಬಣ್ಣದ ಬಗ್ಗೆ ಮಾತಾಡಿದ್ದನ್ನು ನಾನೂ ಕೇಳಿದ್ದೇನೆ. ಮಾಳಿಗೆ ಮೇಲೆ ಯಾರೂ ಏನೂ ಮಾತಾಡಲಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ಆ ಕಥೆ ಹೇಳುವುದು ಅದನ್ನೇ. 2020ರಲ್ಲಿ ಕಂಪನಿಯೇ ಯಾಕೆ ದಾರಿ ಬದಲಿಸಿತು ಅಂತ ಓದಿ ತಿಳಿದದ್ದಕ್ಕಿಂತ ಅವತ್ತು ನನಗೆ ಚೆನ್ನಾಗಿ ಅರ್ಥವಾಯಿತು. ಹಳೆಯ ಲೋರ್ (ಆಟದ ಲೋಕದ ಹಿನ್ನೆಲೆ ಕಥೆ) ಎಷ್ಟೇ ಇಷ್ಟವಾದರೂ ‘ಬಣ್ಣ ಶಿಕ್ಷೆಯಿಂದ ಬಂತು’ ಅನ್ನುವ ಒಂದು ಎಳೆಯನ್ನು ಕಿತ್ತುಹಾಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅದನ್ನು ಕಿತ್ತರೆ ಯುದ್ಧ ಉಳಿಯುತ್ತದೆ, ಗಡಿಪಾರು ಉಳಿಯುತ್ತದೆ, ಲೋಲ್ತ್ ಉಳಿಯುತ್ತಾಳೆ. ಕಥೆಗೆ ಏನೂ ನಷ್ಟ ಇಲ್ಲ.

ಆದರೆ ಸುಮ್ನೆ ಕಿತ್ತರೆ ಅಲ್ಲೊಂದು ತೂತು ಬೀಳುತ್ತದೆ, ಅದನ್ನು ತುಂಬಬೇಕು. ಹಾಗಾದರೆ ಮೈ ಕಪ್ಪು, ಕೂದಲು ಬೆಳ್ಳಿ, ಯಾಕೆ? ನನಗೆ ಇದು ಸಿಕ್ಕಿದ್ದು ಬೀದರಿನಲ್ಲಿ, ಒಬ್ಬ ಬಿದರಿ ಕುಶಲಕರ್ಮಿಯ ಅಂಗಡಿಯಲ್ಲಿ. ಬಿದರಿ ಪಾತ್ರೆ ಮೊದಲಿಗೆ ಕಪ್ಪಗೆ ಇರುವುದಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದಿದ್ದು, ಬೂದಿ ಬಣ್ಣ. ಅದರ ಮೇಲೆ ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ, ಸಣ್ಣ ಸುತ್ತಿಗೆಯಿಂದ ತಟ್ಟಿ, ಉಜ್ಜಿ ನಯ ಮಾಡಿದಾಗ ಬೆಳ್ಳಿ ಎಲ್ಲಿದೆ ಅಂತ ಕಣ್ಣಿಗೆ ಹಿಡಿಯುವುದೇ ಕಷ್ಟ, ಬೂದಿಯೊಳಗೆ ಬೂದಿ. ಆಮೇಲೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ದ್ರಾವಣದಿಂದ ಬಿಸಿ ಮಾಡಿದ ಪಾತ್ರೆಯನ್ನು ತಿಕ್ಕುತ್ತಾರೆ. ನೋಡನೋಡುತ್ತಿದ್ದಂತೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಣ್ಣ ಬಿಡುವುದಿಲ್ಲ. ಕೊನೆಗೆ ಎಣ್ಣೆ ಸವರಿದಾಗ ಅಷ್ಟು ಹೊತ್ತು ಕಾಣದೇ ಇದ್ದ ಹೂಬಳ್ಳಿ ಪೂರ್ತಿ ಎದ್ದು ಬರುತ್ತದೆ. ಆ ಕಪ್ಪು ಸುಲಭಕ್ಕೆ ಹೋಗಲ್ಲ. ಅದಿಲ್ಲದಿದ್ದರೆ ಬಿದರಿಯೇ ಇಲ್ಲ.

ನಮ್ಮ ಟೇಬಲ್‌ನ ಡ್ರೌಗಳು ಈಗ ಹೀಗೆ ಹೇಳುತ್ತಾರೆ. ನೆಲದಡಿ ಇಳಿದ ನಮ್ಮ ಹಿರಿಯರಿಗೆ ಒಂದು ಕೋಣೆ ಸಿಕ್ಕಿತು, ಅದರ ಮಣ್ಣು ಮೈಗೆ ಹತ್ತಿತು, ಮೈ ನೆಲದ ಬಣ್ಣ ಪಡೆಯಿತು, ಕೂದಲು ತನ್ನ ಬೆಳ್ಳಿಯನ್ನು ಉಳಿಸಿಕೊಂಡಿತು. ಅವರ ಊರಲ್ಲಿ ಮಗು ಹುಟ್ಟಿದಾಗ ಆ ಮಣ್ಣನ್ನು ಹಣೆಗೆ ಹಚ್ಚುತ್ತಾರೆ. ಮೇಲಿನ ಎಲ್ಫ್‌ಗಳು ಮಾತ್ರ ಇನ್ನೂ ಶಾಪ ಅಂತಲೇ ಹೇಳುತ್ತಾರೆ, ಗೆದ್ದವರ ಕಥೆ ಅಲ್ವಾ. ಹೀಗಾದಾಗ ಹಳೆಯ ಪುಸ್ತಕದ ಸಾಲು ಆಟದಿಂದ ಹೊರಗೆ ಹೋಗಲಿಲ್ಲ, ಒಬ್ಬರ ಬಾಯಿಗೆ ಹೋಯಿತು. ಚಿಕ್ಕಪ್ಪನ ಮಗಳು ಮುಂದಿನ ವಾರವೇ ತನ್ನ ಪಾತ್ರ ಬದಲಿಸಿ ಡ್ರೌ ಮಾಡಿಕೊಂಡಳು.

ಬದಲಾಗುವ ಲೋರ್‌ಗೆ ನಾನು ಕಂಡುಕೊಂಡ ಮುಖ್ಯ ಉಪಾಯವೂ ಇದೇ. ಎರಡು ಪುಸ್ತಕ ಎರಡು ಥರ ಹೇಳಿದರೆ ಯಾವುದು ಸರಿ ಅಂತ ಕೇಳಬೇಡಿ, ಯಾರು ಹೇಳಿದ್ದು ಅಂತ ಕೇಳಿ. ನಮ್ಮ ಊರನ್ನೇ ನೋಡಿ. 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿ ಆಯಿತು, ಆದರೆ ನಮ್ಮ ಅಜ್ಜನ ಬಾಯಲ್ಲಿ ಇವತ್ತಿಗೂ ಗುಲ್ಬರ್ಗಾ. ಒಬ್ಬರು ಕಲ್ಲಿನ ನೆಲ, ಅದಕ್ಕೇ ಕಲಬುರಗಿ ಅನ್ನುತ್ತಾರೆ. ಇನ್ನೊಬ್ಬರು ಫಾರಸಿಯಲ್ಲಿ ಗುಲ್ ಅಂದರೆ ಹೂವು, ಬರ್ಗ್ ಅಂದರೆ ಎಲೆ ಅಂತ ಬಿಡಿಸಿ ಹೇಳುತ್ತಾರೆ. ಎರಡನ್ನೂ ಕೇಳಿಕೊಂಡೇ ನಾವು ಬೆಳೆದವರು. ಯಾರು ಯಾವ ಹೆಸರು, ಯಾವ ಅರ್ಥ ಹೇಳುತ್ತಾರೆ ಅನ್ನುವುದರಲ್ಲೇ ಅವರ ವಯಸ್ಸು, ಓಣಿ, ಓದು ಗೊತ್ತಾಗುತ್ತದೆ. ಡ್ರೌ ಕಥೆಗಳನ್ನೂ ಹೀಗೇ ಹಂಚಿ. 1978ರ ಭಯಂಕರ ಡ್ರೌಗಳ ವರ್ಣನೆಯನ್ನು ಮೇಲಿನ ಊರಿನ ಒಬ್ಬ ಮುದುಕ ಸೈನಿಕನಿಗೆ ಕೊಡಿ, ಅವನು ಕಂಡಿದ್ದೇ ದಾಳಿ ಮಾಡಲು ಬಂದವರನ್ನು. ಲೋಲ್ತ್‌ಳೇ ನಮ್ಮ ತಾಯಿ ಅನ್ನುವುದನ್ನು ಅವಳ ಪೂಜಾರಿಣಿಗೆ ಕೊಡಿ. ಕ್ಯಾಲಿಡೇ ಊರಿನ ಸುದ್ದಿಯನ್ನು ಉತ್ತರದಿಂದ ಬಂದ ವ್ಯಾಪಾರಿಯ ಬಾಯಿಂದ ಹೇಳಿಸಿ, ಮೊದಲಿಗೆ ಯಾರೂ ನಂಬದಿರಲಿ. ಐಲಿಸ್ಟ್ರೇ ಸತ್ತಳೋ ಇಲ್ಲವೋ ಅಂತ ಅವಳ ಭಕ್ತರೇ ಎರಡು ಪಂಗಡ ಆಗಿರಲಿ. 1977ರಲ್ಲಿ ಇವರು ‘ಅಂತೆ’ಯಾಗಿ ಬಂದವರು, ಆ ‘ಅಂತೆ’ಯನ್ನು ಕಳೆಯಬೇಡಿ.

ಹೆಂಗಸರ ಆಡಳಿತದ ಬಗ್ಗೆ ಚಿಕ್ಕದಾಗಿ. ಹಳೆಯ ಕಥೆಗಳಲ್ಲಿ ಹೆಂಗಸರು ಆಳುತ್ತಾರೆ, ಆ ಕಾರಣಕ್ಕೇ ಊರು ಕ್ರೂರ ಅನ್ನುವ ಹಾಗೆ ಕಾಣುತ್ತದೆ. ಆಡಳಿತ ಇರಲಿ, ಕಾರಣ ಬೇರೆ ಕೊಡಿ. ಬೀದರಿನ ನೌಬಾದ್ ಕಡೆ ಬಹಮನಿ ಕಾಲದ ಕರೇಝ್ ಇದೆ, ನೋಡಿರದಿದ್ದರೆ ಹೋಗಿ ಬನ್ನಿ. ನೆಲದಡಿ ಉದ್ದಕ್ಕೆ ಸುರಂಗ, ಬರೀ ಇಳಿಜಾರಿನ ಬಲದಿಂದ ನೀರು ಹರಿದು ಬರುವ ಹಾಗೆ ಕೊರೆದಿದ್ದು, ಮೇಲಿನಿಂದ ಗಾಳಿ ಬೆಳಕಿಗೆ ಸಾಲಾಗಿ ಬಾವಿಗಳು. ಬಾವಿ ಬಾಯಿಯ ಹತ್ತಿರ ಬಗ್ಗಿದರೆ ಮುಖಕ್ಕೆ ತಣ್ಣನೆ ಗಾಳಿ ಹೊಡೆಯುತ್ತದೆ. ನಮ್ಮ ಡ್ರೌ ಊರು ಇದರ ಮೇಲೆ ನಿಂತಿದೆ. ನೀರಿನ ದಾರಿ ಗೊತ್ತಿರುವುದು ತಾಯಂದಿರಿಗೆ, ಅವರಿಂದ ಹೆಣ್ಣುಮಕ್ಕಳಿಗೆ. ಯಾವ ಮನೆತನ ಯಾವ ಬಾವಿಯ ಹೂಳು ತೆಗೆಯುತ್ತದೋ ಅದಕ್ಕೆ ಆ ಓಣಿಯ ಮೇಲೆ ಹಿಡಿತ. ಜಗಳ ಎಲ್ಲ ನೀರಿನದು. ಲೋಲ್ತ್‌ಳ ಪೂಜಾರಿಣಿ ಈ ಊರಿಗೆ ಬಂದು ಮುಖ್ಯ ಬಾವಿಯ ಮೇಲೆ ಗುಡಿ ಕಟ್ಟಿಸುತ್ತೇನೆ ಅಂದಾಗ ಆಟಗಾರರಿಗೆ ಯಾರು ಯಾಕೆ ಹೆದರಿದರು ಅಂತ ತಕ್ಷಣ ಅರ್ಥವಾಯಿತು.

ಇನ್ನು ಒಬ್ಬ ಆಟಗಾರ ಬಂದೇ ಬರುತ್ತಾನೆ, ನಾನು ಡ್ರಿಝ್ಟ್ ಥರ ಒಬ್ಬನೇ ಒಳ್ಳೆಯ ಡ್ರೌ ಆಗಬೇಕು ಅಂತ. ಬೇಡ ಅನ್ನಬೇಡಿ, ಆ ಆಸೆ ಪ್ರೀತಿಯಿಂದ ಬಂದದ್ದು. ಆದರೆ ಅವನೊಬ್ಬನೇ ಒಳ್ಳೆಯವನಾಗಬೇಕಾದರೆ ಉಳಿದ ಲಕ್ಷ ಜನ ಕೆಟ್ಟವರೇ ಆಗಿರಬೇಕಾಗುತ್ತದೆ. ಅದಕ್ಕೆ ಒಂದು ಪ್ರಶ್ನೆ ಕೇಳಿ: ಊರು ಬಿಡುವಾಗ ಯಾರನ್ನು ಬಿಟ್ಟು ಬಂದೆ? ಒಬ್ಬ ಅಕ್ಕ, ಒಬ್ಬ ಗುರು, ಬುತ್ತಿ ಕಟ್ಟಿಕೊಟ್ಟ ಪಕ್ಕದ ಮನೆಯಾಕೆ, ಯಾರಾದರೂ ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬರನ್ನು ಹತ್ತನೇ ಸೆಷನ್ ಒಳಗೆ ಕಥೆಯೊಳಗೆ ತನ್ನಿ. ಒಂಟಿತನ ಉಳಿಯುತ್ತದೆ, ಊರೂ ಜೀವಂತವಾಗುತ್ತದೆ.

ಆಟ ಅರ್ಧಕ್ಕೆ ಬಂದಿದ್ದಾಗ ಹೊಸ ಪುಸ್ತಕ ಬಂದು ಏನೋ ಬದಲಾದರೆ ಗಾಬರಿ ಬೇಡ. ಆಗಲೇ ಟೇಬಲ್ ಮೇಲೆ ನಡೆದುಹೋದದ್ದನ್ನು ಯಾವತ್ತೂ ಅಳಿಸಬೇಡಿ, ಅದು ಆಟಗಾರರ ನೆನಪು, ಯಾವ ಪುಸ್ತಕಕ್ಕಿಂತಲೂ ದೊಡ್ಡದು. ಹೊಸದು ಇಷ್ಟವಾದರೆ ಅದನ್ನು ಇನ್ನೊಂದು ಊರಿನ ಸುದ್ದಿಯಾಗಿ ತನ್ನಿ. ಇಷ್ಟವಾಗದಿದ್ದರೆ ಬಿಡಿ, ಯಾರೂ ಬಂದು ಪರೀಕ್ಷೆ ಮಾಡಲ್ಲ.

ಕೊನೆಗೆ ಆ ಹಾಳೆ. ಒಂದೇ ಬದಿಯಲ್ಲಿ, ಹತ್ತು ಸಾಲು ಮೀರದ ಹಾಗೆ ನಿಮ್ಮ ಲೋಕದ ಡ್ರೌಗಳ ಬಗ್ಗೆ ಎಲ್ಲರಿಗೂ ಗೊತ್ತಿರಬೇಕಾದ್ದನ್ನು ಬರೆದು, ಆಟಕ್ಕೆ ಮುಂಚಿನ ಮಾತುಕತೆಯಾದ ಸೆಷನ್ ಝೀರೋದಲ್ಲಿ ಓದಿ ಹೇಳಿ, ಯಾರಿಗಾದರೂ ಚುಚ್ಚುವುದು ಇದೆಯಾ ಅಂತ ಕೇಳಿ. ನಾನು ಆವತ್ತು ಇದನ್ನು ಮಾಡಿರಲಿಲ್ಲ. ಹಿಂಬದಿ ಖಾಲಿ ಬಿಡಿ. ಆಟದಲ್ಲಿ ಯಾರಾದರೂ ಹೊಸದು ಕಂಡುಹಿಡಿದರೆ ಅವರ ಕೈಯಿಂದಲೇ ಅಲ್ಲಿ ಬರೆಸಿ. ನಮ್ಮ ಹಾಳೆಯ ಹಿಂದೆ ಈಗ ಏಳು ಸಾಲುಗಳಿವೆ, ನಾಲ್ಕು ಬಗೆಯ ಕೈಬರಹ. ಕೊನೆಯದು ಚಿಕ್ಕಪ್ಪನ ಮಗಳದು: “ಮಣ್ಣಿನ ಕೋಣೆಯ ಬೀಗದ ಕೈ ನನ್ನ ಅಜ್ಜಿಯ ಹತ್ತಿರ ಇತ್ತು. ಮೇಲಿನವರು ಅದನ್ನು ಹುಡುಕುತ್ತಿದ್ದಾರೆ.” ಮುಂದಿನ ಶನಿವಾರ ಅಲ್ಲಿಂದ ಶುರು.